ಸುವಾರ್ತಮ್ಮನಿಗೆ ಇಟ್ಟ ಎಡೆ

ನಮ್ಮತ್ತೆ ಸುವಾರ್ತಮ್ಮನ ಸಮಾಧಿಯ ಮೇಲೆ ಯಾರೋ ಎಡೆ ಇಡುತ್ತಿದ್ದಾರೆ ಎಂಬ ಸುದ್ದಿ ತಂದವನು ಗಾರೆ ಕೆಲಸದ ಕೆಂಪಪ್ಪ. ವರ್ಷದ ಸ್ಮರಣೆಯ ಪ್ರಾರ್ಥನೆ ಹತ್ತಿರ ಬಂದಿತ್ತು. ಅಷ್ಟರೊಳಗೆ ಕಲ್ಲು ಕೂರಿಸಬೇಕೆಂದು ಅವನಿಗೆ ಹೇಳಿದ್ದೆವು. ಅಳತೆ ತೆಗೆಯಲು ಹೋದವನು ಕಂಡದ್ದನ್ನು ನೇರವಾಗಿ ನಮ್ಮ ಮನೆಗೆ ಬಂದು ಹೇಳಿದ್ದರೆ ಆಗುತ್ತಿತ್ತು. ಪುಣ್ಯಾತ್ಮ, ಮೊದಲು ಚರ್ಚಿಗೆ ಹೋಗಿ ಪಾದ್ರಿ ಅಯ್ಯನವರಿಗೆ ಹೇಳಿದ, ಆಮೇಲೆ ಶಿಕಾರಿಪುರ ಬಸ್ ಸ್ಟ್ಯಾಂಡಿನ ಚಹದಂಗಡಿಯಲ್ಲಿ ಹೇಳಿದ, ಎಲ್ಲ ಮುಗಿದ ಮೇಲೆ ನಮ್ಮ ಬಾಗಿಲಿಗೆ ಬಂದ.

“ಬಾಳೆಲೆ ಹಾಸಿ ರೊಟ್ಟಿ ಇಟ್ಟಾರೆ ಕಣ್ರೀ. ಮೊಸರು, ಎಂಥದೋ ಪುಡಿ, ಲೋಟದಾಗೆ ನೀರು. ಹಳೇ ಎಲೆನೂ ಒಣಗಿ ಬಿದ್ದಾವೆ. ಇದು ಇವತ್ತು ನಿನ್ನೇದಲ್ಲ.”

ಅವತ್ತು ಗುರುವಾರ ಸಂಜೆ, ಮನೆಯಲ್ಲಿ ಎಲ್ಲರೂ ಇದ್ದೆವು. ಮಾವ ಆಶೀರ್ವಾದಪ್ಪ ಟೈಲರ್ ಅಂಗಡಿ ಮುಚ್ಚಿ ಬಂದು ಬೆಂಚಿನ ಮೇಲೆ ಕೂತಿದ್ದರು. ನನ್ನ ಗಂಡ ಸುಕುಮಾರ ಮಾರುಕಟ್ಟೆ ಯಾರ್ಡಿನಲ್ಲಿ ಮೆಕ್ಕೆಜೋಳ ತೂಗಿ ಬಂದು ಕಾಲು ತೊಳೆಯುತ್ತಿದ್ದರು. ಇವರ ಅಕ್ಕ ಸಲೋಮಿ ಶಿರಾಳಕೊಪ್ಪದಲ್ಲಿ ಟೀಚರು, ಗಂಡನ ಮನೆಯೂ ಅಲ್ಲೇ. ಅತ್ತೆ ಹೋದ ಮೇಲೆ ಅವರು ಗುರುವಾರದ ಹೆಂಗಸರ ಪ್ರಾರ್ಥನೆಗೆಂದು ಬಂದು, ಶುಕ್ರವಾರ ಬೆಳಿಗ್ಗೆ ನನ್ನ ಕೈಯಲ್ಲಿ ಡಬ್ಬಿ ಕಟ್ಟಿಸಿಕೊಂಡು ಶಾಲೆಗೆ ಹೋಗುತ್ತಿದ್ದರು.

“ಎಂಥ ಪುಡಿ?” ಎಂದು ಸಲೋಮಕ್ಕ ಕೇಳಿದರು.

“ಹುರುಳಿ ಚಟ್ನಿಪುಡಿ ಇದ್ದಂಗಿತ್ತು.”

ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಯಾಕೆಂದರೆ ಈ ಮನೆಗೆ ಹುರುಳಿ ಚಟ್ನಿಪುಡಿ ತಂದವಳು ನಾನು. ಸೊರಬದ ಕಡೆ, ಗುಡವಿಯ ಹತ್ತಿರ ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದವಳು. ನಮ್ಮವ್ವ ಹನುಮಮ್ಮ ಈಗಲೂ ಮಹಾಲಯ ಅಮಾವಾಸ್ಯೆಗೆ ಸತ್ತ ಹಿರಿಯರಿಗೆಲ್ಲ ಎಲೆ ಹಾಕಿ ಎಡೆ ಇಡುತ್ತಾಳೆ. ನಾನು ಇವರನ್ನು ಮೆಚ್ಚಿ ಮದುವೆಯಾಗಿ, ದೀಕ್ಷಾಸ್ನಾನ ತೆಗೆದುಕೊಂಡು ಅದನ್ನೆಲ್ಲ ಬಿಟ್ಟು ವರ್ಷಗಳೇ ಆದವು. ಬಿಟ್ಟೆನೆಂದು ಬೇರೆಯವರು ನಂಬಬೇಕಲ್ಲ!

“ನಾನಲ್ಲ,” ಅಂದೆ.

“ನೀನೇ ಅಂತ ಯಾರಂದ್ರು?” ಎಂದರು ಸಲೋಮಕ್ಕ. “ಆದ್ರೆ ಆ ಪುಡಿ ಮಾಡೋಳು ಈ ಊರಲ್ಲಿ ಇನ್ಯಾರಿದಾರೆ?”

“ಪುಡಿ ಡಬ್ಬಿಗೇನು ಬೀಗ ಹಾಕಿದೀನಾ ಅಕ್ಕಾ? ನೀವೂ ವಾರವಾರ ಒಯ್ತೀರಿ.”

“ಏನು ಹಂಗಂದ್ರೆ? ನಮ್ಮಮ್ಮನ ಗೋರಿ ಮೇಲೆ ನಾನು ಎಡೆ ಇಡ್ತೀನಾ?”

ಇವರು ಒಳಗೆ ಬಂದು, “ಸಾಕು ಬಿಡ್ರಿ ಇಬ್ರೂ, ಹೊರಗಿನವ್ರ ಮುಂದೆ,” ಎಂದು ಗದರಿದರು. ಮಾವ ಅಂಗಿಯ ತೋಳಿಗೆ ಅಂಟಿದ್ದ ದಾರದ ಎಳೆ ಕೀಳುತ್ತ ಕೂತಿದ್ದರು. ಕೆಂಪಪ್ಪ ಮಾತ್ರ ಚಹ ಕುಡಿದೇ ಹೋದ.

ನನಗೆ ಉರಿದದ್ದು ಯಾಕೆಂದರೆ, ಅತ್ತೆಯ ಹೆಸರಿನಲ್ಲಿ ನನ್ನನ್ನು ಹೊರಗಿನವಳು ಮಾಡುತ್ತಿದ್ದರು. ನಮ್ಮಪ್ಪ ನನ್ನ ಮುಖಕ್ಕೆ ಬಾಗಿಲು ಹಾಕಿದ ದಿನ ಈ ಮನೆಯಲ್ಲಿ ಬಾಗಿಲು ತೆಗೆದವರು ಸುವಾರ್ತಮ್ಮ. ಆರತಿ ಇಲ್ಲ, ಉಪದೇಶವೂ ಇಲ್ಲ, “ಮೊದ್ಲು ಉಣ್ಣು, ಆಮೇಲೆ ಅಳು” ಎಂದು ತಟ್ಟೆ ಮುಂದಿಟ್ಟಿದ್ದರು. ದೀಕ್ಷಾಸ್ನಾನ ತಗೋ ಎಂದು ಒಂದು ದಿನವೂ ಒತ್ತಾಯ ಮಾಡಲಿಲ್ಲ. ನಾನೇ ಕೇಳಿದಾಗ, “ನನ್ ಮಗನ ಸಲುವಾಗಿ ಆದ್ರೆ ಬ್ಯಾಡ,” ಅಂದಿದ್ದರು. ಅಂಥ ಹೆಂಗಸು ಅವರು.

ಊರಿಗೆಲ್ಲ ಅವರು ಗೊತ್ತಿದ್ದದ್ದು ಹಿಡಿ ಅಕ್ಕಿಯಿಂದ. ನಮ್ಮ ಸಭೆಯ ಹೆಂಗಸರು ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ದೇವರ ಹೆಸರಿನಲ್ಲಿ ತೆಗೆದಿಡಬೇಕು. ಭಾನುವಾರ ಅದನ್ನು ತಂದು ಚರ್ಚಿನ ಮೂಲೆಯ ಡ್ರಮ್ಮಿಗೆ ಹಾಕಬೇಕು. ತರದವರ ಮನೆಗೆ ಅತ್ತೆಯೇ ಚೀಲ ಹಿಡಿದು ಹೋಗುತ್ತಿದ್ದರು. ಆ ಅಕ್ಕಿಯಲ್ಲಿ ಗಂಜಿ ಮಾಡಿ ಆಸ್ಪತ್ರೆಗೆ ಒಯ್ದು, ರೋಗಿಗಳ ಹತ್ತಿರ ಕೂತವರಿಗೆ ಬಡಿಸುತ್ತಿದ್ದರು. ಯಾವ ಜಾತಿ, ಯಾವ ಊರು ಕೇಳಿದವರಲ್ಲ. ಕರೋನಾ ಕಾಲದಲ್ಲಿ ಪೊಲೀಸಿನವನು ಅಡ್ಡ ನಿಂತಾಗ ಅವನಿಗೂ ಒಂದು ಲೋಟ ಕೊಟ್ಟು ದಾಟಿದರಂತೆ. ಹಾಗೆಂದು ಭಾರೀ ಸಾಧ್ವಿಯೇನಲ್ಲ. ಪ್ರಸಂಗ ಉದ್ದವಾದರೆ ಬೆಂಚಿನಲ್ಲೇ ಗೊರಕೆ ಹೊಡೆಯುತ್ತಿದ್ದರು. ಎಚ್ಚರವಾದರೆ, “ಅಯ್ಯನೋರೇ, ಗಂಜಿ ಆರ್ತೈತೆ, ಆಶೀರ್ವಾದ ಕೊಟ್ಟುಬಿಡ್ರಿ,” ಅನ್ನುತ್ತಿದ್ದರು.

ಅವರು ಹೋದ ಮೇಲೆ ಹಿಡಿ ಅಕ್ಕಿಯ ಚೀಲ ಹಿಡಿದವಳು ನಾನು. ಆ ಚೀಲದ ಮೇಲೆ ಕೆಲವರಿಗೆ ಮೊದಲಿನಿಂದಲೂ ಕಣ್ಣಿತ್ತು.

ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರ ಸಭೆ ಸೇರಿತು. ಅಯ್ಯನವರು ಹೊಸಬರು, ಸಣ್ಣ ವಯಸ್ಸು, ಎಲ್ಲರ ಮಾತಿಗೂ ತಲೆಯಾಡಿಸುವವರು. ಮಾತೆತ್ತಿದವನು ನಮ್ಮ ಸಭೆಯವನೇ ಆದ ಯೋಗೇಶ. ಅವನಿಗೆ ಹಳೆಯ ಸಿಟ್ಟು. ಅವನ ತಂದೆ ಸತ್ತಾಗ ಅವನ ತಾಯಿ ಕದ್ದು ಎಡೆ ಇಟ್ಟಳೆಂದು, ಆ ಮನೆಯವರನ್ನೆಲ್ಲ ಕರ್ತನ ಭೋಜನದಿಂದ ಹೊರಗಿಡಿಸಿದವರು ಸಭೆಯ ಹಿರಿಯರಲ್ಲೊಬ್ಬರಾದ ನಮ್ಮ ಮಾವ. ಆ ತಾಯಿ ರೊಟ್ಟಿ ದ್ರಾಕ್ಷಾರಸ ಮುಟ್ಟದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದುದನ್ನು ನಾನೂ ನೋಡಿದ್ದೆ.

“ಕಾನೂನು ನಮ್ಮನೆಗೊಂದು, ನಿಮ್ಮನೆಗೊಂದು ಇಲ್ಲಲ್ಲ ಹಿರಿಯರೇ?” ಎಂದ ಯೋಗೇಶ.

“ಇಲ್ಲ,” ಅಂದರು ಮಾವ. ಅಷ್ಟೇ ಅಂದರು.

ತೀರ್ಮಾನ ಆಯಿತು. ಎಡೆ ಇಟ್ಟವರು ಮುಂದಿನ ಕರ್ತನ ಭೋಜನದ ಭಾನುವಾರದೊಳಗೆ ಒಪ್ಪಿಕೊಳ್ಳಬೇಕು. ಇಲ್ಲವಾದರೆ ಸುವಾರ್ತಮ್ಮನ ಸ್ಮರಣೆ ಚರ್ಚಿನೊಳಗೆ ಇಲ್ಲ. ಅಲ್ಲಿಯವರೆಗೆ ಸಹೋದರಿ ಪ್ರಮೀಳಾ ಕರ್ತನ ಮೇಜಿಗೆ ಬರುವುದು ಬೇಡ, ಹಿಡಿ ಅಕ್ಕಿಯ ಚೀಲವನ್ನು ಯೋಗೇಶನ ಹೆಂಡತಿ ನೋಡಿಕೊಳ್ಳಲಿ. ಹೆಸರು ಹಿಡಿದೇ ಹೇಳಿದರು. ನಾನು ಚೀಲವನ್ನು ಮಡಚಿ ಅವಳ ಕೈಗೆ ಕೊಟ್ಟೆ. ಅವಳು ಮಾತಿಗಾದರೂ “ಬೇಡ” ಅನ್ನಲಿಲ್ಲ.

ಆ ವಾರ ಬೀದಿಯಲ್ಲಿ ನೀರು ಹಿಡಿಯಲು ಹೋದರೂ ಅದೇ ಮಾತು. ಪಕ್ಕದ ಮನೆಯ ಲೋಕಮ್ಮ ಲಿಂಗಾಯತರವಳು, ಅತ್ತೆಯ ಗೆಳತಿ. ಅವಳೊಬ್ಬಳೇ ಬಾಯಿಬಿಟ್ಟು, “ಅಲ್ಲವಾ, ಸತ್ತೋರಿಗೆ ಒಂದು ರೊಟ್ಟಿ ಇಟ್ರೆ ಏನಂತ? ಇಟ್ಟಿದ್ರೆ ಇಟ್ಟೆ ಅನ್ನು,” ಎಂದಳು.

“ಇಟ್ಟಿಲ್ಲ ಲೋಕಮ್ಮಾ.”

“ಹೂಂ, ಬಿಡು ಬಿಡು,” ಎಂದು ಕಣ್ಣು ಮಿಟುಕಿಸಿದಳು. ಪ್ರೀತಿ ಇರುವವರೂ ನಂಬಲಿಲ್ಲ. ಅದು ಇನ್ನೂ ಕೆಟ್ಟದ್ದು.

ಮನೆಯಲ್ಲಿ ಊಟಕ್ಕೆ ಕೂತಾಗ ಇವರು ಅನ್ನ ಕಲಸುತ್ತ ಕಲಸುತ್ತ ಶುರು ಮಾಡಿದರು.

“ಒಪ್ಕೊಂಬಿಡು ಪ್ರಮೀಳಾ. ತಪ್ಪಾಯ್ತು ಅಂದ್ರೆ ಅಯ್ಯನೋರು ಒಂದ್ ಪ್ರಾರ್ಥನೆ ಮಾಡಿ ಬಿಡ್ತಾರೆ. ಅಮ್ಮನ ಸ್ಮರಣೆ ನಿಲ್ಲಬಾರ್ದು.”

“ಮಾಡಿಲ್ಲದ್ದನ್ನ ಹೆಂಗೆ ಒಪ್ಕೊಳ್ಳಿ?”

“ಪ್ರೀತಿಗೆ ಮಾಡಿರ್ತೀಯ, ನಾನೇನು ಬೈತೀನಾ?”

“ಅಂದ್ರೆ ನೀವೂ ನಾನೇ ಅಂತಿದೀರಿ!”

ಇವರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾವ ಅರ್ಧ ಊಟಕ್ಕೇ ಕೈ ತೊಳೆದು ಎದ್ದರು. ಸೊಸೆಯ ಮೇಲಿನ ಬೇಸರವೆಂದೇ ನಾನೂ ತಿಳಿದುಕೊಂಡೆ.

ನನ್ನ ಅನುಮಾನ ಮಾತ್ರ ಸಲೋಮಕ್ಕನ ಮೇಲೆ ಬಲವಾಗುತ್ತ ಹೋಯಿತು. ಯಾಕೆ ಅನ್ನುತ್ತೀರಾ? ನಮ್ಮ ಸಭೆಯ ಗೋರಿಗಳಿರುವುದು ಶಿರಾಳಕೊಪ್ಪದ ರಸ್ತೆಯಲ್ಲಿ, ಅವರ ಬಸ್ಸು ಅದರ ಮುಂದೆಯೇ ಹೋಗುವುದು. ಡಬ್ಬಿಯಲ್ಲಿ ರೊಟ್ಟಿ, ಪುಡಿ, ಮೊಸರು ಎಲ್ಲ ಇರುತ್ತದೆ. ಮತ್ತೆ ಸ್ಮರಣೆಯ ದಿನ ಓದಲೆಂದು ಅಮ್ಮನ ಜೀವನ ಚರಿತ್ರೆ ಬರೆಯುತ್ತಿದ್ದವರೂ ಅವರೇ. ಸಂಡೇ ಸ್ಕೂಲಿನ ಬಹುಮಾನ, ಹೆಂಗಸರ ಕೂಟದ ಅಧ್ಯಕ್ಷತೆ ಎಲ್ಲ ಬರೆದು ಓದಿ ತೋರಿಸಿದರು.

“ಗೊರಕೆ ಹೊಡೀತಿದ್ದದ್ದು ಬರೀರಿ ಅಕ್ಕಾ,” ಅಂದೆ.

“ತಮಾಷೆನಾ ನಿನಗೆ?”

“ತಮಾಷೆ ಅಲ್ಲ. ನೀವು ಬರೆದಿರೋ ಹೆಂಗಸು ನನಗೆ ಗುರ್ತೇ ಸಿಗ್ತಿಲ್ಲ. ಗಂಜಿ ಎಲ್ಲೈತೆ? ನಾನೆಲ್ಲಿದೀನಿ?”

“ನಿಂದೂ ಬರೀಬೇಕಾ? ಬರೀತೀನಿ. ಸೊಸೆ ಎಡೆ ಇಟ್ಟು ಸ್ಮರಣೆನೇ ನಿಲ್ಲಿಸಿದ್ಲು ಅಂತ ಬರೀತೀನಿ,” ಎಂದು ಹೇಳಿ ಅಳತೊಡಗಿದರು. “ನಿಮ್ಮವ್ವ ಬಂದು ಹೋದಾಗಿಂದ್ಲೇ ಇದು ಶುರುವಾಗಿರ್ಬೇಕು.”

ನಮ್ಮವ್ವನನ್ನು ಎತ್ತಿ ಆಡಿದ ಮೇಲೆ ನಾನು ಬಿಡುವವಳಲ್ಲ. ಅವತ್ತು ನಾವಿಬ್ಬರೂ ಆಡಿದ್ದು ಇಲ್ಲಿ ಬರೆಯುವಂಥದ್ದಲ್ಲ. ಒಂದಂತೂ ನಿಶ್ಚಯ ಮಾಡಿಕೊಂಡೆ. ಎಡೆಯಲ್ಲಿ ಇರುವುದು ನನ್ನ ಕೈಯಡುಗೆಯಾದರೆ, ಅದನ್ನು ಒಯ್ಯುವವರು ನನ್ನ ಒಲೆಯ ಮುಂದಿನಿಂದಲೇ ಒಯ್ಯುತ್ತಿದ್ದಾರೆ. ಹಾಗಿದ್ದರೆ ಹಿಡಿಯುವುದೂ ಒಲೆಯ ಮುಂದಿನಿಂದಲೇ.

ಕರ್ತನ ಭೋಜನದ ಹಿಂದಿನ ಶುಕ್ರವಾರ ಬೆಳಿಗ್ಗೆ ಮೂರು ಡಬ್ಬಿ ಕಟ್ಟಿದೆ. ರೊಟ್ಟಿ ಎಲ್ಲರಿಗೂ ಒಂದೇ, ಪಲ್ಯ ಬೇರೆ ಬೇರೆ. ಇವರಿಗೆ ಎಲೆಕೋಸು, ಸಲೋಮಕ್ಕನಿಗೆ ಬದನೆಕಾಯಿ, ಮಾವನಿಗೆ ಹೆಸರುಕಾಳು.

“ಇದೇನು, ಹೋಟೆಲ್ ಇಟ್ಟಿದೀಯಾ?” ಎಂದರು ಇವರು.

“ತರಕಾರಿ ಚೂರುಪಾರು ಉಳಿದಿತ್ತು,” ಅಂದೆ.

ಯೋಗೇಶನ ಕಡೆಯ ಹುಡುಗರು ದಿನಾ ಬೆಳಗಿನ ಜಾವ ಗೋರಿಗಳ ಹತ್ತಿರ ಕಾವಲು ಕಾಯುತ್ತಿದ್ದರು. ಎಡೆ ಇಡುವವರು ಬೆಳಿಗ್ಗೆ ಮಿಂದು ಇಡುತ್ತಾರೆಂದು ಅವರ ಲೆಕ್ಕ. ಯಾರೂ ಸಿಕ್ಕಿರಲಿಲ್ಲ. ನಾನು ಮಧ್ಯಾಹ್ನ, ಪಾತ್ರೆ ತೊಳೆದಿಟ್ಟು ಹೊರಟೆ. ಬಿಸಿಲಿಗೆ ಸೆರಗು ತಲೆಗೆ ಹೊದ್ದು ನಡೆಯುವಾಗ, ಎಲೆಯ ಮೇಲೆ ಬದನೆಕಾಯಿ ಕಂಡರೆ ಸಲೋಮಕ್ಕನಿಗೆ ಏನೇನು ಅನ್ನಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಚೆನ್ನಾಗಿಯೇ ಜೋಡಿಸಿದ್ದೆ.

ಎಲೆಯ ಮೇಲಿದ್ದದ್ದು ಹೆಸರುಕಾಳು. ಪಕ್ಕದಲ್ಲಿ ಮಾವ ಚಕ್ಕಳಮಕ್ಕಳ ಹಾಕಿ ಕೂತು, ಡಬ್ಬಿಯಲ್ಲಿ ಉಳಿದ ಅರ್ಧ ರೊಟ್ಟಿಯನ್ನು ತಿನ್ನುತ್ತಿದ್ದರು.

“ಮಾವಾ!”

ಅವರು ಬೆಚ್ಚಿದರು. ಬಾಯಲ್ಲಿದ್ದ ತುತ್ತು ನುಂಗಲು ಹೊತ್ತು ಹಿಡಿಯಿತು. “ಕೂತ್ಕೋ ಪ್ರಮೀಳಾ,” ಎಂದರು.

“ಕೂರಲ್ಲ. ನನಗೆ ಊರೆಲ್ಲ ಉಗೀತೈತೆ, ನೀವು ಇಲ್ಲಿ ಪಲ್ಯ ತಿಂತಾ ಕೂತಿದೀರಾ? ಎಲ್ರ ಮುಂದೆ ನನ್ನ ಕೈಯಿಂದ ಚೀಲ ಕಿತ್ಕೊಂಡಾಗ್ಲೂ ಬಾಯಿ ಬಿಡಲಿಲ್ವಲ್ಲ!”

“ಬಾಯಿ ಬರಲಿಲ್ಲ ಕಣವ್ವ.” ಅವರ ಗಡ್ಡದಲ್ಲಿ ರೊಟ್ಟಿಯ ಚೂರು ಅಂಟಿತ್ತು. “ಅವಳು ಹೋದ ದಿನಾನೂ ಶುಕ್ರವಾರ. ನೀನು ನಿಮ್ಮವ್ವನ ನೋಡಾಕೆ ಹೋಗಿದ್ದೆ. ಅವಳಿಗೆ ಮೊದ್ಲೇ ಸಕ್ಕರೆ ಕಾಯಿಲೆ. ‘ತಲೆ ತಿರುಗ್ತೈತ್ರೀ, ಒಂದ್ ತುತ್ತು ರೊಟ್ಟಿ ತಿನ್ಲಾ’ ಅಂದ್ಲು. ಉಪವಾಸ ಪ್ರಾರ್ಥನೆ ನಡೆಸೋಳೇ ತಿಂದ್ರೆ ಜನ ಏನಂತಾರೆ, ಸಂಜಿತನಕ ತಡಿ ಅಂದೆ. ತಡಕೊಂಡ್ಲು. ಪ್ರಾರ್ಥನೇಲೇ ಬಿದ್ಲು. ಆಸ್ಪತ್ರೇಲಿ ಬಾಯಿಗೆ ಏನೂ ಹಾಕೋ ಹಂಗಿರಲಿಲ್ಲ. ಊರಿಗೆಲ್ಲ ಉಣ್ಣಾಕಿಟ್ಟೋಳು ಹಸ್ಕೊಂಡು ಹೋದ್ಲು.”

ನಾನು ಕೂತೇಬಿಟ್ಟೆ. ಅತ್ತೆ ಸಕ್ಕರೆ ಇಳಿದು ಬಿದ್ದರೆಂದಷ್ಟೇ ನನಗೆ ಗೊತ್ತಿತ್ತು. ಒಂದು ತುತ್ತು ಕೇಳಿದ್ದರೆಂದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಅವರು ಹೇಳಿದ ಮಾತಿಗೆ ನನ್ನ ಅಳುವೆಲ್ಲ ಇಂಗಿಹೋಯಿತು.

“ನೀನು ಒಪ್ಕೊಂಡ್ರೆ ಹೊಸ ವಿಶ್ವಾಸಿ, ಹಳೇ ಅಭ್ಯಾಸ ಅಂತ ಬಿಡ್ತಾರೆ. ನನ್ನನ್ನ ಯೋಗೇಶ ಬಿಡ್ತಾನೇನವ್ವ? ಅವನ ತಾಯಿನ ಹೊರಗೆ ಕೂರ್ಸಿದೋನು ನಾನು.”

“ಅಯ್ಯೋ ಮಾವಾ, ಅದಕ್ಕೆ ನಾನು ಹೊರಗೆ ಕೂರ್ಬೇಕಾ?”

ಅವರು ಡಬ್ಬಿಯ ಮುಚ್ಚಳ ಹಾಕತೊಡಗಿದರು.

“ಕೇಳಿ. ನಿಮ್ಮ ಹೆಸರು ನಾನು ಯಾರ ಮುಂದೂ ಎತ್ತಲ್ಲ, ಮಗನಿಗೂ ಹೇಳಲ್ಲ. ಆದ್ರೆ ನಾನೇ ಅಂತಾನೂ ಒಪ್ಕೊಳ್ಳಲ್ಲ. ಭಾನುವಾರ ಮೇಜಿನ ಮುಂದೆ ಬಂದು ಮೊಣಕಾಲೂರ್ತೀನಿ. ರೊಟ್ಟಿ ತಟ್ಟೆ ನಿಮ್ಮ ಕೈಯಾಗಿರ್ತೈತೆ. ಏನು ಮಾಡ್ಬೇಕೋ ನೀವೇ ನೋಡ್ಕೊಳ್ಳಿ.”

ಶನಿವಾರವಿಡೀ ಅವರ ಮುಖ ನೋಡಿದೆ. ಏನೂ ಗೊತ್ತಾಗಲಿಲ್ಲ. ಅಂಗಡಿಗೆ ಹೋದರು, ಬಂದರು, ಯಾರದೋ ಪ್ಯಾಂಟಿಗೆ ಕಾಜಾ ಹಾಕುತ್ತ ಕೂತರು. ತಪ್ಪಿಸಿಕೊಳ್ಳಲು ಭಾನುವಾರ ಬೆಳಿಗ್ಗೆ ಜ್ವರವೆಂದು ಮಲಗುತ್ತಾರೇನೋ ಎಂದೂ ಅನುಮಾನ ಬಂತು. ಸಲೋಮಕ್ಕನ ಮೇಲೆ ಸುಮ್ಮನೆ ಅನುಮಾನಪಟ್ಟದ್ದಕ್ಕೆ ನಾಚಿಕೆಯೂ ಆಯಿತು. ಅದನ್ನು ಅವರಿಗೆ ಹೇಳಲಿಲ್ಲ, ಮೊದಲು ಅವರು ತಪ್ಪಾಯ್ತು ಅನ್ನಲಿ ಎಂದು.

ಭಾನುವಾರ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಮಗಿಂತ ಮುಂಚೆಯೇ ಹೋಗಿದ್ದರು. ಅಯ್ಯನವರು ಮೇಜಿನ ಬಟ್ಟೆ ತೆಗೆದು, ಸಿದ್ಧವಿದ್ದವರು ಬರಬಹುದು ಎಂದು ಕರೆದರು. ಹೆಂಗಸರ ಸಾಲು ಎದ್ದಿತು. ನಾನೂ ಎದ್ದೆ. ಇವರು ಗಂಡಸರ ಕಡೆಯಿಂದ, “ಪ್ರಮೀಳಾ, ಕೂತ್ಕೋ” ಎಂದು ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದರು. ಕರ್ತನ ಭೋಜನಕ್ಕೆಂದು ಬಂದಿದ್ದ ಸಲೋಮಕ್ಕ ನನ್ನ ಸೆರಗು ಹಿಡಿದರು. ಬಿಡಿಸಿಕೊಂಡು ಮುಂದೆ ಹೋಗಿ ಮೊಣಕಾಲೂರಿದೆ. ನನ್ನ ಎರಡೂ ಪಕ್ಕದವರು ಸ್ವಲ್ಪ ಸ್ವಲ್ಪ ಸರಿದರು.

ಅಯ್ಯನವರು ಮುಂದೆ ವಾಕ್ಯ ಹೇಳುತ್ತ ಬಂದರು, ಹಿಂದೆ ಮಾವ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಒಡ್ಡುತ್ತ ಬಂದರು. ಅಯ್ಯನವರು ನನ್ನನ್ನು ಕಂಡು ತಡವರಿಸಿ, ವಾಕ್ಯ ನುಂಗಿ, ಪಕ್ಕದವಳ ಕಡೆ ದಾಟಿದರು. ಮಾವ ದಾಟಲಿಲ್ಲ. ಅವರ ಕಾಲು ನನ್ನ ಮುಂದೆ ನಿಂತಿತು. ತಲೆ ಎತ್ತಲು ಧೈರ್ಯವಾಗಲಿಲ್ಲ.

“ಅಯ್ಯನೋರೇ, ಈ ತಟ್ಟೆ ಹಿಡ್ಕೊಳ್ಳಿ,” ಎಂದರು ಮಾವ. “ಇದನ್ನ ಹಿಡಿಯೋ ಯೋಗ್ಯತೆ ನನಗಿಲ್ಲ. ಎಡೆ ಇಟ್ಟೋನು ನಾನು. ಈ ಹುಡುಗಿ ಅಲ್ಲ. ನನ್ನ ಹೆಂಡ್ತಿ ಒಂದು ತುತ್ತು ಕೇಳಿದ್ಲು, ನಾನು ಕೊಡಲಿಲ್ಲ. ಅದಕ್ಕೇ ಇಟ್ಟೆ.”

ಅವರು ತಟ್ಟೆ ಕೊಟ್ಟು, ನಡುವಿನ ದಾರಿಯಲ್ಲಿ ನಡೆದು, ಹಿಂದಿನ ಬೆಂಚಿಗೆ ಹೋಗಿ ಕೂತರು. ಯೋಗೇಶನ ತಾಯಿ ಕೂರುತ್ತಿದ್ದ ಜಾಗ ಅದು. ಯೋಗೇಶ ಏನಾದರೂ ಅಂದಾನೆಂದು ಕಾದೆ. ಅವನು ನೆಲ ನೋಡುತ್ತಿದ್ದ. ಅಯ್ಯನವರು ಹಿಂತಿರುಗಿ ಬಂದು ನನಗೆ ರೊಟ್ಟಿ ಕೊಟ್ಟರು.

ಸ್ಮರಣೆ ಚರ್ಚಿನಲ್ಲೇ ಆಗುತ್ತದೆಂದು ಆಮೇಲೆ ತಿಳಿಸಿದರು. ಮಾವ ಹಿರಿಯರ ಸ್ಥಾನದಿಂದ ಕೆಳಗಿಳಿದರು, ಅವರೇ ಮಾಡಿದ ಕಾನೂನಿನಂತೆ.

ಮನೆಗೆ ಬಂದ ಮಾವ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ಸಲೋಮಕ್ಕ ಕರೆದರು, ಇವರು ಕರೆದರು, ಊಟಕ್ಕೆ ಏಳಲಿಲ್ಲ. ನನಗೆ ಸಿಟ್ಟೇನೂ ಇಳಿದಿರಲಿಲ್ಲ. ಆದರೂ ತಟ್ಟೆ ಒಯ್ದು ಅವರ ತೊಡೆಯ ಮೇಲೇ ಇಟ್ಟೆ.

“ಉಪವಾಸದಾಗೆ ಒಬ್ರು ಹೋಗಿದ್ದು ಸಾಕು. ಉಣ್ಣಿ.”

ಉಂಡರು. ಸಲೋಮಕ್ಕ ಅಳುತ್ತಲೇ ಅವರಿಗೆ ಮೊಸರು ಹಾಕಿದರು.

ನಾನು ಒಳಗೆ ಬಂದು ಮಿಕ್ಕವರಿಗೆ ರೊಟ್ಟಿ ತಟ್ಟುತ್ತಿದ್ದಾಗ ಇವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. “ನಿನಗೆ ಗೊತ್ತಿತ್ತಾ?” ಎಂದರು.

“ಶುಕ್ರವಾರದಿಂದ ಗೊತ್ತು.”

“ನನಗಾದ್ರೂ ಹೇಳಬಾರ್ದಿತ್ತಾ? ಅಪ್ಪ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ.”

“ಅಪ್ಪ ಅಂದ್ರೆ ನಂಬ್ತಿದ್ರಾ?” ಅಂದೆ. “ನಾನಲ್ಲ ಅಂದಿದ್ದನ್ನೇ ನಂಬಲಿಲ್ಲ.”

ಹೆಂಚಿನ ಮೇಲಿದ್ದ ರೊಟ್ಟಿಯನ್ನು ಮಗುಚಿ ಹಾಕಿದೆ.